ವಿಪಿಎನ್ ಕನೆಕ್ಟ್ ಆಗಿದೆ ಅನ್ನುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ: ಯಾಕೆ?

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರ ರೈಸ್ ಮಿಲ್. ಲೆಕ್ಕದ ಸರ್ವರ್ ಬಳ್ಳಾರಿಯ ಮುಖ್ಯ ಆಫೀಸಿನಲ್ಲಿದೆ. ಮಿಲ್‌ನಲ್ಲಿ ಒಂದು ಚಿಕ್ಕ ರೂಟರ್ ಇಟ್ಟು, ಇಂಟರ್ನೆಟ್ ಮೇಲೆ ಆ ಸರ್ವರ್‌ಗೆ ಖಾಸಗಿ ದಾರಿ ಮಾಡುವ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಟ್ಟಿದ್ದಾರೆ. ಫೈಬರ್ ಇದ್ದಾಗ ತೊಂದರೆ ಇಲ್ಲ. ಫೈಬರ್ ಕಟ್ಟಾಗಿ 4ಜಿ ಡಾಂಗಲ್‌ಗೆ ಹೋದರೆ ಲಾಗಿನ್ ಆಗುತ್ತದೆ, ಸ್ಟಾಕ್ ರಿಪೋರ್ಟ್ ತೆಗೆದರೆ ಅಲ್ಲೇ ನಿಂತುಬಿಡುತ್ತದೆ. ಬಳ್ಳಾರಿಯ ಕಂಪ್ಯೂಟರ್ ಸ್ಕ್ರೀನನ್ನು ಇಲ್ಲೇ ನೋಡುವ ರಿಮೋಟ್ ಡೆಸ್ಕ್‌ಟಾಪ್ ಹಾಕಿದರೆ ಕಪ್ಪು ಸ್ಕ್ರೀನ್. ಬಳ್ಳಾರಿಯಿಂದ ಕೊಟ್ಟ ಗೇಟ್ ಪಾಸ್ ಪ್ರಿಂಟ್ ನಮ್ಮಲ್ಲಿ ಬರುವುದಿಲ್ಲ, ಆಮೇಲೆ ಒಮ್ಮೆಲೇ ನಾಲ್ಕೈದು ಬರುತ್ತವೆ. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಸಲ ವಿಪಿಎನ್ ಏಳುವುದೇ ಇಲ್ಲ, ಬಳ್ಳಾರಿಯಲ್ಲಿ ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಕಂಪ್ಯೂಟರ್ ರಿಪೇರಿಯವರು "ಎನ್‌ಕ್ರಿಪ್ಷನ್ನೇ ಭಾರ, ವಿಪಿಎನ್ ತೆಗೆದು ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ನೇರ ಓಪನ್ ಮಾಡಿ" ಅನ್ನುತ್ತಿದ್ದಾರೆ. ಸಾವುಕಾರರೂ ಹೂಂ ಅಂದಿದ್ದಾರೆ. ಮಾಡಬಹುದಾ ಸರ್?

ಉತ್ತರ: ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಪೋರ್ಟ್ ಅಂದರೆ ಇಂಟರ್ನೆಟ್‌ನಿಂದ ಕಂಪ್ಯೂಟರ್ ಒಳಗೆ ಬರುವ ನಂಬರ್ ಹಾಕಿದ ಬಾಗಿಲು. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ಎಲ್ಲಿ ತೆರೆದಿದೆ ಅಂತ ಹಗಲು ರಾತ್ರಿ ಹುಡುಕುತ್ತಾ ಇರುವವರಿದ್ದಾರೆ. ಸಿಕ್ಕ ಕಡೆ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡುತ್ತಾರೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನುವ ದೋಷ ಗೊತ್ತಾದಾಗ ಒಳಗೆ ನುಗ್ಗಲು ಪಾಸ್‌ವರ್ಡೂ ಬೇಕಿರಲಿಲ್ಲ. ಮೈಕ್ರೋಸಾಫ್ಟ್ ಎಂದೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ಪ್ಯಾಚ್ ಕೊಡಬೇಕಾಯಿತು. ನಿಮ್ಮ ಆ ಸರ್ವರ್‌ನಲ್ಲಿ ರೈತರಿಗೆ ಕೊಡಬೇಕಾದ ಬಾಕಿ, ತೂಕದ ಚೀಟಿ, ಬ್ಯಾಂಕಿನ ಲೆಕ್ಕ ಎಲ್ಲಾ ಇದೆ ಅಲ್ವಾ? ಅದೆಲ್ಲಾ ಲಾಕ್ ಆಗಿ ದುಡ್ಡು ಕೊಡಿ ಅಂತ ಸ್ಕ್ರೀನ್ ಮೇಲೆ ಬಂದರೆ ಆ ದಿನದಿಂದ ಮಿಲ್ ನಿಂತಂತೆಯೇ. ಸಾವುಕಾರರಿಗೆ ಈ ಮಾತನ್ನು ನೇರವಾಗಿ ಹೇಳಿ.

ಇನ್ನು "ಎನ್‌ಕ್ರಿಪ್ಷನ್ ಭಾರ", ಅಂದರೆ ಡೇಟಾವನ್ನು ಬೇರೆಯವರು ಓದಲಾಗದಂತೆ ಮಾಡುವ ಕೆಲಸವೇ ಭಾರ ಅನ್ನುವ ಮಾತು. ನೀವು ಬರೆದಿರುವುದನ್ನೇ ಇನ್ನೊಂದು ಸಲ ಓದಿ ನೋಡಿ. ರೂಟರ್‌ಗೆ ಎನ್‌ಕ್ರಿಪ್ಷನ್ ಭಾರವಾಗಿದ್ದರೆ ಎಲ್ಲವೂ ನಿಧಾನ ಆಗಬೇಕಿತ್ತು, ಅದೂ ವೇಗ ಜಾಸ್ತಿ ಇರುವ ಫೈಬರ್‌ನಲ್ಲಿ ಎದ್ದು ಕಾಣಬೇಕಿತ್ತು. ನಿಮ್ಮಲ್ಲಿ ಹಾಗಿಲ್ಲ. ಕೆಲವು ಕೆಲಸ ಸಲೀಸಾಗಿ ಆಗುತ್ತವೆ, ಕೆಲವು ಆಗುವುದೇ ಇಲ್ಲ. ಅದು ಭಾರದ ಲಕ್ಷಣ ಅಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮಿಲ್‌ಗಳಲ್ಲಿ, ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಈ ಕೆಲಸ ಮಾಡುತ್ತಾ ನಾನು ಕಂಡುಕೊಂಡಿದ್ದು ಇಷ್ಟೇ: ಲಿಂಕ್ ಕೈಕೊಡುವ ಊರಲ್ಲಿ ವಿಪಿಎನ್ ಕೆಟ್ಟಿದೆ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ "ಯಾವಾಗ ಕೆಡುತ್ತದೆ" ಅನ್ನುವುದು. ದೊಡ್ಡ ಡೇಟಾ ಬಂದಾಗಲಾ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಾಗಲಾ, ಕರೆಂಟ್ ಹೋಗಿ ಬಂದಾಗಲಾ? ಆ ಹೊತ್ತೇ ಕಾರಣ ಹೇಳುತ್ತದೆ. ನಿಮ್ಮದು ಮೂರೂ ಬೇರೆ ಬೇರೆ ತೊಂದರೆ, ಒಟ್ಟಿಗೆ ಬಂದಿದ್ದರಿಂದ ಒಂದೇ ಅನ್ನಿಸಿದೆ.

ಮೊದಲನೆಯದು, ಡಾಂಗಲ್‌ನಲ್ಲಿ ರಿಪೋರ್ಟ್ ನಿಲ್ಲುವುದು. ನೆಟ್‌ವರ್ಕ್‌ನಲ್ಲಿ ಡೇಟಾ ಪ್ಯಾಕೆಟ್ ಅನ್ನುವ ಸಣ್ಣ ಕಟ್ಟುಗಳಾಗಿ ಹೋಗುತ್ತದೆ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ಮಿತಿ ಇದೆ, ಅದಕ್ಕೆ ಎಂಟಿಯು ಅನ್ನುತ್ತಾರೆ. ಮಾಮೂಲಿ ಈಥರ್ನೆಟ್‌ನಲ್ಲಿ 1500 ಬೈಟ್. ಯೂಸರ್‌ನೇಮ್ ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಫೈಬರ್ ಆದರೆ 8 ಬೈಟ್ ಕಡಿಮೆ, 1492. ವಿಪಿಎನ್ ಮಾಡುವ ಕೆಲಸ ತುಂಬಿದ ಚೀಲವನ್ನು ಇನ್ನೊಂದು ಚೀಲದೊಳಗೆ ಇಟ್ಟು ಹೊಲಿದ ಹಾಗೆ, ಹೊರಗಿನ ಚೀಲಕ್ಕೂ ಒಂದಿಷ್ಟು ಜಾಗ ಬೇಕು. ವೈರ್‌ಗಾರ್ಡ್‌ಗೆ ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿ ಐಪಿವಿ4 ಮೇಲೆ ಹೋದರೆ 60 ಬೈಟ್ ಬೇಕು, ಹೊಸ ಪದ್ಧತಿ ಐಪಿವಿ6 ಮೇಲೆ ಹೋದರೆ 80. ಅದಕ್ಕೇ ಅದು ತಾನಾಗಿ ಒಳಗಿನ ಎಂಟಿಯುವನ್ನು 1420 ಅಂತ ಇಟ್ಟುಕೊಳ್ಳುತ್ತದೆ. ನಿಮ್ಮ ಫೈಬರ್‌ನಲ್ಲಿ 1420ಕ್ಕೆ 60 ಸೇರಿಸಿದರೆ 1480, ಆರಾಮಾಗಿ ಹೋಗುತ್ತದೆ. ಅದೇ ಫೈಬರ್‌ನಲ್ಲಿ ಐಪಿವಿ6 ಮೂಲಕ ಹೋದರೆ 1500 ಆಗಿ, ಮಿತಿ 1492 ಇದ್ದರೆ ಬರೀ 8 ಬೈಟ್‌ಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಎಂದಾದರೂ ಫೈಬರ್‌ನಲ್ಲೂ ಹೀಗೇ ಆದರೆ ಇದು ನೆನಪಿರಲಿ.

ಡಾಂಗಲ್‌ನಲ್ಲಿ ಹಾಗಲ್ಲ. ಮೊಬೈಲ್ ಜಾಲದೊಳಗೆ ನಿಮ್ಮ ಪ್ಯಾಕೆಟ್‌ಗಳು ಅವರದೇ ಇನ್ನೊಂದು ಟನಲ್‌ನಲ್ಲಿ (ವಿಪಿಎನ್ ಮಾಡುವಂಥ ಚೀಲದೊಳಗಿನ ಚೀಲದ ದಾರಿಗೆ ಟನಲ್ ಅನ್ನುತ್ತಾರೆ) ಸಾಗುತ್ತವೆ, ಅಲ್ಲಿ ಉಳಿಯುವ ಜಾಗ ಎಷ್ಟೋ ಸಲ 1480ಕ್ಕಿಂತ ಕಡಿಮೆ. ದಾರಿಯಲ್ಲಿ ಪ್ಯಾಕೆಟ್ ದೊಡ್ಡದಾಯಿತು ಅಂದರೆ ಎರಡರಲ್ಲಿ ಒಂದು ಆಗಬೇಕು. ಒಂದೋ ಅದನ್ನು ತುಂಡು ಮಾಡಿ ಮುಂದೆ ಕಳಿಸಬೇಕು, ಇಲ್ಲವೇ "ದೊಡ್ಡದಾಯಿತು, ಸಣ್ಣದು ಕಳಿಸಿ" ಅಂತ ಕಳಿಸಿದವರಿಗೆ ಐಸಿಎಂಪಿ ಸಂದೇಶ ಹೋಗಬೇಕು. ಎಷ್ಟೋ ಫೈರ್‌ವಾಲ್‌ಗಳು ತುಂಡುಗಳನ್ನೂ ಎಸೆಯುತ್ತವೆ, ಐಸಿಎಂಪಿಯನ್ನೂ ತಡೆಯುತ್ತವೆ. ಆಗ ಪ್ಯಾಕೆಟ್ ಎಲ್ಲಿ ಹೋಯಿತು ಅಂತ ಎರಡೂ ಕಡೆಗೆ ಗೊತ್ತಾಗುವುದಿಲ್ಲ.

ಹಾಗಾದರೆ ಕನೆಕ್ಟ್ ಆಗಿದೆ ಅಂತ ಯಾಕೆ ತೋರಿಸುತ್ತದೆ? ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್, ಅಂದರೆ ಶುರುವಿನಲ್ಲಿ ಎರಡೂ ಕಡೆ ಗುರುತು ಹಿಡಿಯುವ ಮಾತು, ತುಂಬಾ ಸಣ್ಣದು, ಹೋಗುವ ಸಂದೇಶ 148 ಬೈಟ್, ಬರುವುದು 92 ಬೈಟ್. ಅದು ಎಂಥ ಇಕ್ಕಟ್ಟಿನಲ್ಲೂ ತೂರುತ್ತದೆ. ಆ ಕಡೆ ಕಂಪ್ಯೂಟರ್ ಇದೆಯಾ ಅಂತ ಕೇಳುವ ಪಿಂಗ್ ಹೋಗುತ್ತದೆ. ಲಾಗಿನ್ ಕೂಡ ಸಣ್ಣ ಮಾತು, ಆಗುತ್ತದೆ. ಸ್ಟಾಕ್ ರಿಪೋರ್ಟ್ ಬರುವಾಗ ಸರ್ವರ್ ಪ್ಯಾಕೆಟ್‌ಗಳನ್ನು ಪೂರ್ತಿ ತುಂಬಿ ಕಳಿಸಲು ಶುರುಮಾಡುತ್ತದೆ, ಅವು ಯಾವೂ ಬಂದು ಸೇರುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನ ಕಪ್ಪು ಸ್ಕ್ರೀನ್‌ಗೂ ಇದೇ ಕಾರಣ ಇರಬೇಕು. ವಿಪಿಎನ್ ಇಲ್ಲದೆ ಬ್ರೌಸರ್‌ನಲ್ಲಿ ಸುರಕ್ಷಿತ ವೆಬ್‌ಸೈಟ್ ತೆರೆಯುವಾಗ ಹೀಗಾಗುವುದೂ ಇದೆ. ಸರ್ವರ್ ತನ್ನ ಸರ್ಟಿಫಿಕೇಟ್ ಕಳಿಸುವ ಹಂತಕ್ಕೆ ಬಂದು ನಿಲ್ಲುತ್ತದೆ, ಯಾಕೆಂದರೆ ಸರ್ಟಿಫಿಕೇಟ್‌ಗಳ ಸರಪಳಿ ಸಾಮಾನ್ಯವಾಗಿ ಎರಡು ಮೂರು ಸಾವಿರ ಬೈಟ್ ಇರುತ್ತದೆ.

ಇದನ್ನು ನೀವೇ ನೋಡಬಹುದು. ಫೈಬರ್ ವೈರ್ ತೆಗೆದು ಡಾಂಗಲ್ ಮೇಲೆ ವಿಪಿಎನ್ ಇರುವಾಗ, ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇಂಗ್ಲಿಷ್ ಅಕ್ಷರದಲ್ಲಿ ಪಿಂಗ್ ಅಂತ ಹೊಡೆಯಿರಿ. ಸ್ಪೇಸ್ ಬಿಟ್ಟು ಮೈನಸ್ ಎಫ್, ಮತ್ತೆ ಸ್ಪೇಸ್ ಬಿಟ್ಟು ಮೈನಸ್ ಎಲ್, ಅದರ ಮುಂದೆ 1392, ಕೊನೆಗೆ ಬಳ್ಳಾರಿ ಸರ್ವರ್‌ನ ಒಳಗಿನ ಐಪಿ. ಎಫ್ ಅಂದರೆ ತುಂಡು ಮಾಡಬೇಡ ಅಂತ, ಎಲ್ ಅಂದರೆ ಎಷ್ಟು ದೊಡ್ಡದು ಅಂತ. 1392ಕ್ಕೆ ಹೆಡರ್‌ನ 28 ಸೇರಿದರೆ ಸರಿಯಾಗಿ 1420. ಈಗ ಏನು ಉತ್ತರ ಬರುತ್ತದೆ ನೋಡಿ. "ರಿಕ್ವೆಸ್ಟ್ ಟೈಮ್ಡ್ ಔಟ್" ಅಂತ ಬಂದು, ಅದೇ ಕಮಾಂಡ್‌ನಲ್ಲಿ 1200 ಹಾಕಿದಾಗ ರಿಪ್ಲೈ ಬಂದರೆ ನಾನು ಹೇಳಿದ್ದೇ ತೊಂದರೆ. "ಪ್ಯಾಕೆಟ್ ನೀಡ್ಸ್ ಟು ಬಿ ಫ್ರಾಗ್ಮೆಂಟೆಡ್" ಅಂತ ಬಂದರೆ ಅದು ಒಳ್ಳೆಯ ಸುದ್ದಿ, ದೊಡ್ಡದಾಯಿತು ಅಂತ ಯಾರೋ ಒಬ್ಬರು ನಿಮಗೆ ಹೇಳುತ್ತಿದ್ದಾರೆ ಅಂತ ಅರ್ಥ. ಏನೂ ಹೇಳದೆ ನುಂಗಿಬಿಡುವುದೇ ಕಷ್ಟ. ಎರಡೂ ಸಂಖ್ಯೆಗೆ ರಿಪ್ಲೈ ಇಲ್ಲ ಅಂದರೆ ಈ ಪರೀಕ್ಷೆಯಿಂದ ಅಳತೆ ತಿಳಿಯುವುದಿಲ್ಲ, ಟನಲ್ಲೇ ಎದ್ದಿಲ್ಲದಿರಬಹುದು, ಇಲ್ಲವೇ ಸರ್ವರ್‌ನ ಫೈರ್‌ವಾಲ್ ಪಿಂಗ್ ತಡೆಯುತ್ತಿರಬಹುದು, ಅದನ್ನು ಬೇರೆ ನೋಡಬೇಕು.

ಪರಿಹಾರ ಹೀಗೆ. ಮಿಲ್ ರೂಟರ್‌ನ ವೈರ್‌ಗಾರ್ಡ್ ಸೆಟ್ಟಿಂಗ್‌ನಲ್ಲೂ ಬಳ್ಳಾರಿ ಕಡೆಯದರಲ್ಲೂ ಎಂಟಿಯು 1280 ಮಾಡಿ. ಎರಡೂ ಕಡೆ ಯಾಕೆಂದರೆ, ರಿಪೋರ್ಟ್ ಬರುವುದು ಬಳ್ಳಾರಿಯಿಂದ. ನಿಮ್ಮಲ್ಲಿ ಮಾತ್ರ ಕಡಿಮೆ ಮಾಡಿದರೆ ಅವರು ದೊಡ್ಡದನ್ನೇ ಕಳಿಸುತ್ತಿರುತ್ತಾರೆ. ಜೊತೆಗೆ ರೂಟರ್‌ನ ಫೈರ್‌ವಾಲ್ ಪುಟದಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅಂತ ಒಂದು ಟಿಕ್ ಇರುತ್ತದೆ, ವೈರ್‌ಗಾರ್ಡ್ ಇರುವ ಝೋನ್‌ಗೆ ಅದನ್ನು ಹಾಕಿ. ರೂಟರ್ ಹಿಂದೆ ಇರುವ ಕಂಪ್ಯೂಟರ್‌ಗಳಿಗೆ ಟನಲ್ ಇರುವುದೇ ಗೊತ್ತಿಲ್ಲ, ಅವು 1500ರ ಲೆಕ್ಕದಲ್ಲೇ ಮಾತು ಶುರುಮಾಡುತ್ತವೆ. ಈ ಟಿಕ್ ಇದ್ದರೆ ಟಿಸಿಪಿ (ತಲುಪಿತಾ ಅಂತ ನೋಡಿ, ಕಳೆದದ್ದನ್ನು ಮತ್ತೆ ಕಳಿಸುವ ಪದ್ಧತಿ) ಕನೆಕ್ಷನ್ ಶುರುವಾಗುವಾಗಲೇ ರೂಟರ್ ಆ ಅಳತೆಯನ್ನು ತಗ್ಗಿಸಿ ಕಳಿಸುತ್ತದೆ. 1280ಕ್ಕಿಂತ ಕೆಳಗೆ ಹೋಗಬೇಡಿ, ಐಪಿವಿ6ಗೆ ಕನಿಷ್ಠ ಅಷ್ಟು ಬೇಕೇ ಬೇಕು. ರಿಪೋರ್ಟ್ ತಟ್ಟನೆ ಬಂತು ಅಂದರೆ ಕಾರಣ ಖಚಿತವಾಯಿತು. ಆಮೇಲೆ ಬೇಕಾದರೆ ಎಂಟಿಯುವನ್ನು ಎರಡೂ ಕಡೆ ಮತ್ತೆ 1420 ಮಾಡಿ, ಪಿಂಗ್‌ನಲ್ಲಿ 1200ರಿಂದ ಇಪ್ಪತ್ತು ಇಪ್ಪತ್ತು ಏರಿಸುತ್ತಾ ಎಲ್ಲಿಗೆ ನಿಲ್ಲುತ್ತದೆ ನೋಡಿ, ಕೊನೆಗೆ ಹೋದ ಸಂಖ್ಯೆಗೆ 28 ಸೇರಿಸಿ ಅದನ್ನೇ ಎಂಟಿಯು ಅಂತ ಇಡಬಹುದು. ನನ್ನನ್ನು ಕೇಳಿದರೆ 1280ರಲ್ಲೇ ಬಿಡಿ. ಲೆಕ್ಕದ ಕೆಲಸಕ್ಕೆ ಆ ಸ್ವಲ್ಪ ವ್ಯತ್ಯಾಸ ಕಾಣುವುದಿಲ್ಲ, ನಾಳೆ ಬೇರೆ ಸಿಮ್ ಹಾಕಿದರೂ ಚಿಂತೆ ಇರುವುದಿಲ್ಲ.

ಎರಡನೆಯದು ಗೇಟ್ ಪಾಸ್ ಪ್ರಿಂಟ್. ನಿಮ್ಮ ಪ್ರಶ್ನೆಯಲ್ಲಿ ನನಗೆ ಸುಳಿವು ಕೊಟ್ಟಿದ್ದು ಆ "ಒಮ್ಮೆಲೇ ನಾಲ್ಕೈದು ಬರುತ್ತವೆ" ಅನ್ನುವ ಮಾತು. ಡಾಂಗಲ್‌ಗೆ ಸಿಗುವ ಐಪಿ ನೋಡಿ, 10ರಿಂದ ಶುರುವಾಗುತ್ತದೆ, ಇಲ್ಲವೇ 100.64ರಿಂದ 100.127ರ ಒಳಗೆ ಇರುತ್ತದೆ. ಅದು ನಿಮ್ಮೊಬ್ಬರದೇ ಐಪಿ ಅಲ್ಲ. ಮೊಬೈಲ್ ಕಂಪನಿಯ ಒಂದು ನ್ಯಾಟ್ ಪೆಟ್ಟಿಗೆಯ ಹಿಂದೆ ಸಾವಿರಾರು ಜನರ ಜೊತೆ ನೀವೂ ಇದ್ದೀರಿ. ಒಳಗಿನಿಂದ ನೀವು ಏನಾದರೂ ಕಳಿಸಿದಾಗ ಆ ಪೆಟ್ಟಿಗೆ ಒಂದು ಬಾಗಿಲು ತೆರೆದು ನೆನಪಿಟ್ಟುಕೊಳ್ಳುತ್ತದೆ, ಉತ್ತರ ಅದೇ ಬಾಗಿಲಿನಿಂದ ಬರುತ್ತದೆ. ಸ್ವಲ್ಪ ಹೊತ್ತು ಏನೂ ಓಡಾಡದಿದ್ದರೆ ಮುಚ್ಚಿಬಿಡುತ್ತದೆ. ತಲುಪಿತಾ ಅಂತ ನೋಡದೆ ಪ್ಯಾಕೆಟ್ ಕಳಿಸಿಬಿಡುವ ಯುಡಿಪಿ ಅನ್ನುವ ಪದ್ಧತಿಗೆ ಈ ಅವಧಿ ಬಹಳ ಕಡಿಮೆ, ಕೆಲವು ಕಡೆ ಅರ್ಧ ನಿಮಿಷ, ಕೆಲವು ಕಡೆ ಒಂದೆರಡು ನಿಮಿಷ. ವೈರ್‌ಗಾರ್ಡ್ ಓಡುವುದು ಯುಡಿಪಿ ಮೇಲೆಯೇ, ಮತ್ತೆ ಡೇಟಾ ಇಲ್ಲದಾಗ ಅದು ಒಂದು ಬೈಟೂ ಕಳಿಸದೆ ಸುಮ್ಮನಿರುತ್ತದೆ.

ಊಟದ ಹೊತ್ತಿಗೆ ಮಿಲ್ ಆಫೀಸಿನಲ್ಲಿ ಯಾರೂ ಕಂಪ್ಯೂಟರ್ ಮುಟ್ಟಿಲ್ಲ ಅಂದುಕೊಳ್ಳಿ. ಬಾಗಿಲು ಮುಚ್ಚಿತು. ಆಗ ಬಳ್ಳಾರಿಯಲ್ಲಿ ಗುಮಾಸ್ತರು ಗೇಟ್ ಪಾಸ್ ಪ್ರಿಂಟ್ ಕೊಡುತ್ತಾರೆ. ಸರ್ವರ್ ಹಳೆಯ ವಿಳಾಸಕ್ಕೆ ಕಳಿಸುತ್ತದೆ, ನ್ಯಾಟ್ ಒಳಗೆ ಬಿಡುವುದಿಲ್ಲ. ಲಾರಿ ಗೇಟ್‌ನಲ್ಲಿ ನಿಂತಿದೆ, ಅವರು ಮತ್ತೆ ಪ್ರಿಂಟ್ ಕೊಡುತ್ತಾರೆ, ಮತ್ತೆ ಕೊಡುತ್ತಾರೆ. ಇಲ್ಲಿ ನೀವು ಬಂದು ಯಾವುದೋ ಲೆಡ್ಜರ್ ತೆಗೆಯುತ್ತೀರಿ. ನಿಮ್ಮ ಕಡೆಯಿಂದ ಒಂದು ಪ್ಯಾಕೆಟ್ ಹೊರಗೆ ಹೋಯಿತು, ಬಾಗಿಲು ತೆರೆಯಿತು, ಬಳ್ಳಾರಿಗೆ ನಿಮ್ಮ ಹೊಸ ವಿಳಾಸ ಗೊತ್ತಾಯಿತು, ಕ್ಯೂನಲ್ಲಿ ಕಾಯುತ್ತಿದ್ದ ಪ್ರಿಂಟ್‌ಗಳೆಲ್ಲಾ ಬಂದವು. ನೀವೇ ಏನಾದರೂ ತೆಗೆದಾಗ ತೊಂದರೆ ಕಾಣುವುದಿಲ್ಲ, ಆ ಕಡೆಯಿಂದ ಬರಬೇಕಾದಾಗ ಮಾತ್ರ ಕಾಣುತ್ತದೆ. ಅದಕ್ಕೇ "ಪ್ರಿಂಟರ್ ಸರಿ ಇಲ್ಲ" ಅಂತ ಪ್ರಿಂಟರ್ ಬದಲಿಸಿದವರನ್ನೂ ನೋಡಿದ್ದೇನೆ.

ಇದಕ್ಕೆ ಒಂದೇ ಸಾಲಿನ ಪರಿಹಾರ. ಮಿಲ್ ರೂಟರ್‌ನಲ್ಲಿ, ಬಳ್ಳಾರಿಯ ಪಿಯರ್ (ಟನಲ್‌ನ ಆ ಕಡೆಯ ತುದಿ) ಸೆಟ್ಟಿಂಗ್‌ನೊಳಗೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ ಅನ್ನುವ ಜಾಗದಲ್ಲಿ 25 ಹಾಕಿ. ಇಪ್ಪತ್ತೈದು ಸೆಕೆಂಡಿಗೊಮ್ಮೆ ಒಂದು ಚಿಕ್ಕ ಖಾಲಿ ಪ್ಯಾಕೆಟ್ ಹೋಗುತ್ತದೆ, ಬಾಗಿಲು ತೆರೆದೇ ಇರುತ್ತದೆ. ನ್ಯಾಟ್ ಹಿಂದೆ ಇರುವವರು ನೀವು, ಹಾಗಾಗಿ ಅದು ನಿಮ್ಮ ಕಡೆಯೇ ಇರಬೇಕು. ಡೇಟಾ ಖರ್ಚಾಗುತ್ತದೆ ಅಂತ ಹೆದರಬೇಡಿ, ಕೀಲಿ ಬದಲಿಸುವ ಹ್ಯಾಂಡ್‌ಶೇಕ್‌ಗಳನ್ನೂ ಸೇರಿಸಿದರೆ ದಿನಕ್ಕೆ ಸುಮಾರು ಅರ್ಧ ಎಂಬಿ.

ಮೂರನೆಯದೇ ನಮ್ಮ ಕಡೆ ಜಾಸ್ತಿ ಜನರನ್ನು ಕಾಡುವುದು, ಮತ್ತೆ ಅತಿ ಕಡಿಮೆ ಜನಕ್ಕೆ ಗೊತ್ತಿರುವುದು. ಕರೆಂಟ್ ಹೋಗಿ ಬಂದ ಮೇಲೆ ವಿಪಿಎನ್ ಏಳದೇ ಇರುವುದು. ಚಿಕ್ಕ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಹೊತ್ತು ಮರೆತುಬಿಡುತ್ತವೆ. ಮತ್ತೆ ಏಳುವಾಗ ಕೊನೆಗೆ ಯಾವುದೋ ಫೈಲ್ ಸೇವ್ ಆದ ಹೊತ್ತನ್ನು ಹಿಡಿದುಕೊಂಡು ಅಲ್ಲಿಂದ ಶುರುಮಾಡುತ್ತವೆ. ಅದು ನಿನ್ನೆಯದಿರಬಹುದು, ಹೋದ ತಿಂಗಳದ್ದೂ ಇರಬಹುದು. ಆಮೇಲೆ ಇಂಟರ್ನೆಟ್‌ನಿಂದ ಎನ್‌ಟಿಪಿ ಮೂಲಕ ಸರಿಯಾದ ಟೈಮ್ ತೆಗೆದುಕೊಳ್ಳಬೇಕು.

ವೈರ್‌ಗಾರ್ಡ್‌ನ ಮೊದಲ ಸಂದೇಶದಲ್ಲಿ ಒಂದು ಟೈಮ್‌ಸ್ಟ್ಯಾಂಪ್, ಅಂದರೆ ಕಳಿಸಿದ ಹೊತ್ತಿನ ಗುರುತು ಇರುತ್ತದೆ. ಹಳೆಯ ಸಂದೇಶವನ್ನು ಯಾರೋ ಕದ್ದಿಟ್ಟುಕೊಂಡು ಮತ್ತೆ ಕಳಿಸಿ ಮೋಸ ಮಾಡಬಾರದು ಅಂತ ಇದನ್ನು ಇಟ್ಟಿದ್ದಾರೆ. ಬಳ್ಳಾರಿಯ ಸರ್ವರ್ ನಿಮ್ಮಿಂದ ಬಂದ ಕೊನೆಯ ಟೈಮ್‌ಸ್ಟ್ಯಾಂಪ್ ನೆನಪಿಟ್ಟುಕೊಂಡಿರುತ್ತದೆ, ಅದಕ್ಕಿಂತ ಹಿಂದಿನದು ಬಂದರೆ ಉತ್ತರ ಕೊಡದೆ ಬಿಟ್ಟುಬಿಡುತ್ತದೆ. ನಿಮ್ಮ ರೂಟರ್ ನಿನ್ನೆಯ ಹೊತ್ತು ಹಿಡಿದು ಎದ್ದಿದೆ, ಹ್ಯಾಂಡ್‌ಶೇಕ್ ಕಳಿಸುತ್ತಲೇ ಇದೆ, ಆ ಕಡೆ ಮೌನ. ಬಳ್ಳಾರಿಯಲ್ಲಿ ರೀಸ್ಟಾರ್ಟ್ ಮಾಡಿದರೆ ಯಾಕೆ ಸರಿಹೋಗುತ್ತದೆ ಅಂತ ಈಗ ತಿಳಿಯಿತಲ್ವಾ? ಆ ನೆನಪು ಇರುವುದು ಮೆಮೊರಿಯಲ್ಲಿ. ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ, ನಿಮ್ಮ ಹಳೆಯ ಹೊತ್ತನ್ನೇ ಒಪ್ಪಿಕೊಳ್ಳುತ್ತದೆ. ಎಲ್ಲರೂ ಸರ್ವರ್ ಕೆಟ್ಟಿತ್ತು ಅಂದುಕೊಳ್ಳುತ್ತಾರೆ. ಸರ್ವರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಎನ್‌ಟಿಪಿ ಯಾಕೆ ಟೈಮ್ ಸರಿಮಾಡಲಿಲ್ಲ ಅಂದರೆ, ನಿಮ್ಮ ರೂಟರ್‌ನಲ್ಲಿ ಎಲ್ಲಾ ಟ್ರಾಫಿಕ್ಕೂ ವಿಪಿಎನ್ ಒಳಗೇ ಹೋಗುವಂತೆ ಮಾಡಿರುವ ಸಾಧ್ಯತೆ ಜಾಸ್ತಿ. ಅಲೌಡ್ ಐಪಿಸ್ ಅನ್ನುವ ಜಾಗದಲ್ಲಿ 0.0.0.0/0 ಇದೆಯಾ ನೋಡಿ. ಇದ್ದರೆ ಟೈಮ್ ಕೇಳುವ ಪ್ಯಾಕೆಟ್ ಕೂಡ ಟನಲ್ ಮೂಲಕವೇ ಹೋಗಬೇಕು. ಟನಲ್ ಏಳಲು ಟೈಮ್ ಬೇಕು, ಟೈಮ್ ಬರಲು ಟನಲ್ ಬೇಕು, ಎರಡೂ ಒಂದನ್ನೊಂದು ಕಾಯುತ್ತಾ ಕೂರುತ್ತವೆ. ಅಲ್ಲಿ ಬಳ್ಳಾರಿ ಆಫೀಸಿನ ಒಳಗಿನ ನೆಟ್‌ವರ್ಕ್ ಮತ್ತೆ ಟನಲ್‌ನ ಐಪಿಗಳನ್ನು ಮಾತ್ರ ಹಾಕಿ. ಆಗ ಎನ್‌ಟಿಪಿ, ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್ ಎಲ್ಲಾ ನೇರ ಇಂಟರ್ನೆಟ್‌ನಿಂದ ಬರುತ್ತವೆ, ಲೆಕ್ಕದ ಡೇಟಾ ಮಾತ್ರ ಟನಲ್‌ನಲ್ಲಿ ಹೋಗುತ್ತದೆ. ರೂಟರ್‌ನ ಡಿಎನ್‌ಎಸ್ ಬಳ್ಳಾರಿ ಸರ್ವರ್‌ನದೇ ಆಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಎನ್‌ಟಿಪಿಯ ಹೆಸರೇ ಸಿಗದೆ ಮತ್ತೆ ಅದೇ ಕಥೆ. ಮುಂದಿನ ಸಲ ವಿಪಿಎನ್ ಏಳದಿದ್ದಾಗ ಯಾರಿಗೂ ಫೋನ್ ಮಾಡುವ ಮುಂಚೆ ರೂಟರ್ ಪುಟ ತೆಗೆದು ಅದು ತೋರಿಸುವ ಟೈಮನ್ನು ಮೊಬೈಲ್ ಜೊತೆ ಹೋಲಿಸಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಬಳ್ಳಾರಿಯ ಹುಡುಗರಿಗೆ ತೋರಿಸಲು ಬೇಕಾಗುತ್ತದೆ.

ಕಂಪ್ಯೂಟರ್‌ಗಳಲ್ಲೂ ಇದೇ ಜಾತಿಯ ತೊಂದರೆ ಇದೆ. ಹಳೆಯ ಪಿಸಿಯ ಮದರ್‌ಬೋರ್ಡ್‌ನಲ್ಲಿ ಸಿಆರ್2032 ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಬ್ಯಾಂಕಿನ ಸೈಟ್, ಜಿಎಸ್‌ಟಿ ಸೈಟ್ ಯಾವುದನ್ನು ತೆರೆದರೂ ಸರ್ಟಿಫಿಕೇಟ್ ಎರರ್ ಬರುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದನ್ನು ದಯವಿಟ್ಟು ಅಭ್ಯಾಸ ಮಾಡಿಕೊಳ್ಳಬೇಡಿ. ಸೆಲ್ ಬದಲಿಸಿ, ಟೈಮ್ ಸರಿಮಾಡಿ.

ಕರೆಂಟ್ ವಿಷಯಕ್ಕೆ ಬಂದಿದ್ದರಿಂದ ಇದನ್ನೂ ಹೇಳುತ್ತೇನೆ. ದೊಡ್ಡ ಮೋಟರ್ ಶುರುವಾಗುವಾಗ ವೋಲ್ಟೇಜ್ ಕುಸಿದು ರೂಟರ್ ರೀಬೂಟ್ ಆಗುತ್ತಿರಬಹುದು, ಲೈಟ್ ಒಮ್ಮೆ ಮಂಕಾಗಿದ್ದು ಬಿಟ್ಟರೆ ಯಾರಿಗೂ ಗೊತ್ತಾಗಿರುವುದಿಲ್ಲ. ರೂಟರ್ ಪುಟದಲ್ಲಿ ಅಪ್‌ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ನೋಡಿ, ಬೆಳಗ್ಗೆಯಿಂದ ಕರೆಂಟ್ ಹೋಗಿಲ್ಲ ಆದರೂ ಅಪ್‌ಟೈಮ್ ಹತ್ತು ನಿಮಿಷ ಇದ್ದರೆ ಅದೇ ಕಾರಣ. ರೂಟರ್‌ಗಂತಲೇ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಿಗುತ್ತದೆ, ರೂಟರ್‌ಗೂ ಫೈಬರ್ ಡಬ್ಬಿಗೂ ಹಾಕಿ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್‌ಗಳ ಮೇಲೆ ವೋಲ್ಟೇಜ್ ಎಷ್ಟಿದೆ ಓದಿ, ಎಲ್ಲವೂ 12 ಇರುವುದಿಲ್ಲ.

ಡಾಂಗಲ್ ಎಲ್ಲಿಟ್ಟಿದ್ದೀರಿ ಅನ್ನುವುದನ್ನೂ ನೋಡಿ. ತಗಡಿನ ಶೀಟ್ ಕೆಳಗೆ, ಕಬ್ಬಿಣದ ಬೀರು ಪಕ್ಕ ಇದ್ದರೆ ಸಿಗ್ನಲ್ ಸಾಯುತ್ತದೆ. ಡಾಂಗಲ್ ಪುಟದಲ್ಲಿ ಸಿಗ್ನಲ್ ಬಲ ಹೇಳುವ ಆರ್‌ಎಸ್‌ಆರ್‌ಪಿ ಅಂತ ಮೈನಸ್ ಸಂಖ್ಯೆ ಇರುತ್ತದೆ. ಮೈನಸ್ 85ರ ಸುತ್ತ ಇದ್ದರೆ ಚೆನ್ನಾಗಿದೆ, ಮೈನಸ್ 110ಕ್ಕಿಂತ ಕೆಳಗೆ ಹೋದರೆ ಪ್ಯಾಕೆಟ್‌ಗಳು ಉದುರುವ ಸಾಧ್ಯತೆ ಜಾಸ್ತಿ. ಯುಎಸ್‌ಬಿ ಕೇಬಲ್ ಹಾಕಿ ಕಿಟಕಿಗೆ ತಂದು ಅದೇ ಸಂಖ್ಯೆಯನ್ನು ಮತ್ತೆ ನೋಡಿ.

ಇನ್ನು ಯಾರಾದರೂ "ವೈರ್‌ಗಾರ್ಡ್ ಬಿಟ್ಟು ಓಪನ್‌ವಿಪಿಎನ್ ಅನ್ನುವ ಇನ್ನೊಂದು ವಿಪಿಎನ್ ಹಾಕಿ, ಟಿಸಿಪಿಯಲ್ಲಿ ಹಾಕಿದರೆ ಪ್ಯಾಕೆಟ್ ಕಳೆಯುವುದಿಲ್ಲ" ಅಂದರೆ ಒಪ್ಪಬೇಡಿ. ಒಳಗಿನ ಲೆಕ್ಕದ ಸಾಫ್ಟ್‌ವೇರ್ ಆಗಲೇ ಟಿಸಿಪಿ, ಕಳೆದದ್ದನ್ನು ಅದೇ ಮತ್ತೆ ಕಳಿಸುತ್ತದೆ. ಹೊರಗಿನದೂ ಟಿಸಿಪಿ ಆದರೆ ಒಂದು ಪ್ಯಾಕೆಟ್ ಕಳೆದಾಗ ಇಬ್ಬರೂ ಕಾಯುತ್ತಾರೆ, ಇಬ್ಬರೂ ಮತ್ತೆ ಕಳಿಸುತ್ತಾರೆ. ಪ್ರತಿ ಸಲ ಕಾಯುವ ಹೊತ್ತು ಒಂದು ಸೆಕೆಂಡ್, ಎರಡು, ನಾಲ್ಕು, ಎಂಟು ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಲಿಂಕ್ ಕೆಟ್ಟಷ್ಟೂ ಇದು ಇನ್ನೂ ಹದಗೆಡುತ್ತದೆ. ಯುಡಿಪಿಯನ್ನೇ ಪೂರ್ತಿ ತಡೆದಿರುವ ಜಾಗದಲ್ಲಿ ಮಾತ್ರ ಟಿಸಿಪಿ ಕೊನೆಯ ದಾರಿ. ನಿಮ್ಮ ಡಾಂಗಲ್‌ನಲ್ಲಿ ಹ್ಯಾಂಡ್‌ಶೇಕ್ ಆಗುತ್ತಿದೆ ಅಂದ ಮೇಲೆ ಯುಡಿಪಿ ಹೋಗುತ್ತಿದೆ.

ಮಾಡುವಾಗ ಒಂದೊಂದನ್ನೇ ಬದಲಿಸಿ, ಬದಲಿಸಿದ್ದನ್ನು ಗೋಡೆಯ ಕ್ಯಾಲೆಂಡರ್ ಮೇಲಾದರೂ ಸರಿ ಬರೆದಿಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಮುಂದೆ ಕೆಟ್ಟಾಗ ಮತ್ತೆ ಮೊದಲಿನಿಂದ ಶುರು. ಕೀಪ್‌ಅಲೈವ್ ಇವತ್ತೇ ಹಾಕಬಹುದು, ಒಂದು ನಿಮಿಷದ ಕೆಲಸ. ಎಂಟಿಯು ಬದಲಿಸಲು ಬಳ್ಳಾರಿಯವರು ಫೋನ್‌ನಲ್ಲಿರಬೇಕು. ಅಲೌಡ್ ಐಪಿಸ್ ಬದಲಿಸುವಾಗ ರೂಟರ್ ಪಕ್ಕದಲ್ಲೇ ಒಬ್ಬರು ಇರಲಿ, ಬಳ್ಳಾರಿಯಿಂದ ಟನಲ್ ಮೂಲಕ ಬಂದು ಬದಲಿಸಲು ಹೋಗಬೇಡಿ, ಒಂದು ಅಂಕಿ ತಪ್ಪಿದರೆ ಅವರೇ ಹೊರಗುಳಿಯುತ್ತಾರೆ. ಬದಲಿಸಿದ ಮೇಲೆ ರೂಟರ್‌ನ ಪ್ಲಗ್ ಎಳೆದು ಹತ್ತು ನಿಮಿಷ ಬಿಟ್ಟು ಹಾಕಿ, ಫೈಬರ್ ಮೇಲೆ ಒಮ್ಮೆ, ಡಾಂಗಲ್ ಮೇಲೆ ಒಮ್ಮೆ. ವೈರ್‌ಗಾರ್ಡ್ ಪುಟದಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಅನ್ನುವ ಕಡೆ ಎರಡು ಮೂರು ನಿಮಿಷದೊಳಗಿನ ಹೊತ್ತು ಕಾಣಬೇಕು, ಕಳಿಸಿದ ಮತ್ತು ಬಂದ ಡೇಟಾ ಎರಡೂ ಏರುತ್ತಿರಬೇಕು. ಕಳಿಸಿದ್ದು ಮಾತ್ರ ಏರಿ, ಬಂದದ್ದು ಸೊನ್ನೆಯಲ್ಲೇ ನಿಂತಿದ್ದರೆ ಆಗ ಪಿಂಗ್‌ನ ಉತ್ತರ, ರೂಟರ್ ಟೈಮ್‌ನ ಫೋಟೋ, ಆ ವೈರ್‌ಗಾರ್ಡ್ ಪುಟದ ಫೋಟೋ ಮೂರನ್ನೂ ಕಳಿಸಿ. ಪ್ರೈವೇಟ್ ಕೀ ಮತ್ತು ಪ್ರೀಶೇರ್ಡ್ ಕೀ ಇರುವ ಸಾಲುಗಳನ್ನು ಮುಚ್ಚಿ ಫೋಟೋ ತೆಗೆಯಿರಿ, ಅವನ್ನು ನನಗೂ ತೋರಿಸಬೇಡಿ.